ಸೇನಾ ಸಾಧನ ಸಂಗ್ರಹಣೆ

ಸೇನಾ ಸಾಧನ ಸಂಗ್ರಹಣೆ ಎಂದರೆ ಒಂದು ದೇಶದ ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಗಳಿಗೆ ಬೇಕಾದ ಆಯುಧ, ವಾಹನ, ವಿಮಾನ, ಹಡಗು, ಸಂಪರ್ಕ ಉಪಕರಣ ಮೊದಲಾದವುಗಳ ಅಗತ್ಯವನ್ನು ಗುರುತಿಸಿ, ಅವನ್ನು ತಯಾರಿಸಿ ಅಥವಾ ಕೊಂಡು, ಪರೀಕ್ಷಿಸಿ, ಸೇವೆಗೆ ಸೇರಿಸಿ, ಬಾಳಿಕೆ ಮುಗಿಯುವ ತನಕ ಸುಸ್ಥಿತಿಯಲ್ಲಿಡುವ ಯೋಜಿತ ಆಡಳಿತ ಕಾರ್ಯ. ಇತರ ಸರ್ಕಾರಿ ಖರೀದಿಗಿಂತ ಇದು ಮೂರು ವಿಷಯಗಳಲ್ಲಿ ಭಿನ್ನ. ಕೊಳ್ಳುವವರು ಒಬ್ಬರೇ, ಮಾರುವವರು ಬೆರಳೆಣಿಕೆಯಷ್ಟು. ಬೇಡಿಕೆ ಸಲ್ಲಿಸುವಾಗ ಆ ಸಾಧನ ಇನ್ನೂ ಕಾಗದದ ಮೇಲಷ್ಟೇ ಇರಬಹುದು. ಅಗತ್ಯ ಹುಟ್ಟಿದ ದಿನದಿಂದ ಸಾಧನ ನಿವೃತ್ತಿಯಾಗುವ ದಿನಕ್ಕೆ ಹಲವು ದಶಕಗಳ ಅಂತರವಿರುತ್ತದೆ. ಈ ಲೇಖನ ಭಾರತದ ವ್ಯವಸ್ಥೆಯನ್ನು ವಿವರಿಸುತ್ತದೆ. ಉದಾಹರಣೆಗಳನ್ನು ಮುಖ್ಯವಾಗಿ ವಿಜಯಪುರ ಸೀಮೆ, ಮೈಸೂರು ಸಂಸ್ಥಾನ ಮತ್ತು ಬೆಂಗಳೂರಿನಿಂದ ಆಯ್ದುಕೊಂಡಿದೆ.

ಪರಿಭಾಷೆ

ಖರೀದಿ ಎಂಬುದು ಹಣ ಕೊಟ್ಟು ಸಾಧನ ಪಡೆಯುವ ಒಂದು ವ್ಯವಹಾರ. ಸಂಗ್ರಹಣೆ ಅದಕ್ಕಿಂತ ವಿಶಾಲವಾದುದು. ಯೋಜನೆ, ಅಭಿವೃದ್ಧಿ, ಖರೀದಿ, ನಿರ್ವಹಣೆ ಎಲ್ಲವೂ ಅದರಲ್ಲಿ ಸೇರುತ್ತವೆ. ಬಂಡವಾಳ ಸಂಗ್ರಹಣೆ ಎಂದರೆ ವಿಮಾನ, ಫಿರಂಗಿ, ಹಡಗುಗಳಂಥ ದೀರ್ಘಕಾಲ ಬಾಳುವ ಸಾಧನಗಳದು. ರಾಜಸ್ವ ಸಂಗ್ರಹಣೆ ಎಂದರೆ ಬಿಡಿಭಾಗ, ಮದ್ದುಗುಂಡು, ಸಮವಸ್ತ್ರ, ಇಂಧನ, ದುರಸ್ತಿಗೆ ಸಂಬಂಧಿಸಿದ್ದು. ಮೊದಲನೆಯದಕ್ಕೆ ರಕ್ಷಣಾ ಸಂಗ್ರಹಣಾ ವಿಧಾನ, ಎರಡನೆಯದಕ್ಕೆ ರಕ್ಷಣಾ ಸಂಗ್ರಹಣಾ ಕೈಪಿಡಿ ಆಧಾರ. ಕಾರ್ಯಕ್ರಮ ಎಂದರೆ ಒಂದೇ ಸಾಧನಕ್ಕಾಗಿ ನಿಗದಿತ ಹಣ, ಕಾಲ ಮತ್ತು ಹೊಣೆಗಾರಿಕೆಯೊಂದಿಗೆ ನಡೆಯುವ ಕೆಲಸಗಳ ಒಟ್ಟು ಸರಣಿ.

ಇತಿಹಾಸ

ವಿಜಯನಗರ ಮತ್ತು ವಿಜಯಪುರ: ಹದಿನೈದು–ಹದಿನಾರನೆಯ ಶತಮಾನದ ದಖ್ಖನಿನಲ್ಲಿ ಅತ್ಯಂತ ದುಬಾರಿಯಾದ ಸೇನಾ ಸಾಧನ ಅರಬ್ಬೀ ಕುದುರೆ. ಭೀಮಾ ನದಿಯ ಕಣಿವೆ ಭೀಮಥಡಿ ಎಂಬ ದೇಶಿ ತಳಿಗೆ ಹೆಸರಾಗಿತ್ತು. ಇಂದಿನ ಇಂಡಿ, ಸಿಂದಗಿ ತಾಲ್ಲೂಕುಗಳ ಉತ್ತರಕ್ಕೆ ಹರಿಯುವುದು ಇದೇ ನದಿ. ಆದರೂ ಭಾರೀ ಅಶ್ವದಳಕ್ಕೆ ಬೇಕಾದ ದೊಡ್ಡ ಕುದುರೆಗಳು ಹೋರ್ಮುಜ್ ಮತ್ತು ಏಡನ್ ಬಂದರುಗಳಿಂದ ಕಡಲ ಮೇಲೆ ಬರುತ್ತಿದ್ದವು. ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನುನಿಜ್ ಬರೆದಿರುವಂತೆ, ಸಾಳುವ ನರಸಿಂಹನು ದಾರಿಯಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನು. ಕಡಲಲ್ಲಿ ಸತ್ತದ್ದರ ಬಾಲವನ್ನಷ್ಟೇ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆಯೇ ಸಿಗುತ್ತಿತ್ತು. ಸಾಗಣೆಯ ನಷ್ಟವನ್ನು ಕೊಳ್ಳುವವನೇ ಹೊತ್ತು ಪೂರೈಕೆ ನಿಲ್ಲದಂತೆ ನೋಡಿಕೊಂಡ ಕ್ರಮವಿದು. ನಷ್ಟ ಯಾರ ತಲೆಗೆ ಎಂಬುದನ್ನು ಇಂದಿನ ಒಪ್ಪಂದಗಳೂ ಮೊದಲೇ ನಿರ್ಧರಿಸುತ್ತವೆ. ಕೃಷ್ಣದೇವರಾಯನು ಹೋರ್ಮುಜ್‌ನ ಕುದುರೆ ಮತ್ತು ನಾಡಕುದುರೆ ಸೇರಿ ವರ್ಷಕ್ಕೆ 13,000 ಕೊಳ್ಳುತ್ತಿದ್ದನೆಂದೂ ನುನಿಜ್ ಹೇಳುತ್ತಾನೆ. 1547ರಲ್ಲಿ ಸದಾಶಿವರಾಯನ ಸರ್ಕಾರ ಪೋರ್ಚುಗೀಸರೊಂದಿಗೆ ಮಾಡಿಕೊಂಡ ಒಪ್ಪಂದದ ಪ್ರಕಾರ ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೆ ಸಲ್ಲಬೇಕಿತ್ತು, ವಿಜಯಪುರಕ್ಕೆ ಹೋಗಕೂಡದಿತ್ತು. ತನಗೆ ಸಾಧನ ದೊರಕಿಸಿಕೊಳ್ಳುವುದರ ಜೊತೆಗೆ ಎದುರಾಳಿಗೆ ಅದು ದೊರಕದಂತೆ ಮಾಡುವುದೂ ಈ ಒಪ್ಪಂದದ ಗುರಿಯಾಗಿತ್ತು.

ಫಿರಂಗಿಯ ವಿಷಯದಲ್ಲಿ ದಖ್ಖನಿನ ಸುಲ್ತಾನರು ಬೇರೆ ದಾರಿ ಹಿಡಿದರು. ತುರ್ಕಿಯ ಕಡೆಯಿಂದ ಬಂದ ಎರಕದ ನಿಪುಣರನ್ನು ನೇಮಿಸಿಕೊಂಡು ಸ್ಥಳದಲ್ಲೇ ತೋಪು ಹೊಯ್ಯಿಸಿದರು. ವಿಜಯಪುರದ ಮಲಿಕ್-ಎ-ಮೈದಾನ್ ಇದಕ್ಕೆ ಉಳಿದಿರುವ ಸಾಕ್ಷಿ. ಮುಹಮ್ಮದ್ ಬಿನ್ ಹಸನ್ ರೂಮಿ ಇದನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದನು. ಉದ್ದ ಸುಮಾರು 4.45 ಮೀಟರ್, ತೂಕ ಸುಮಾರು 55 ಟನ್, ನಳಿಗೆಯ ಒಳವ್ಯಾಸ ಸುಮಾರು 70 ಸೆಂಟಿಮೀಟರ್. ತೋಪಿನ ಬಾಯಿ ತೆರೆದ ಸಿಂಹದ ಮುಖದಂತಿದ್ದು, ಅದರ ಕೋರೆಗಳ ನಡುವೆ ಆನೆಯೊಂದು ಸಿಕ್ಕಿಕೊಂಡಿದೆ. 1632ರಲ್ಲಿ ಪರಂಡಾ ಕೋಟೆಯಿಂದ ವಿಜಯಪುರಕ್ಕೆ ತರಲಾದ ಈ ತೋಪು ಈಗ 1671ರಲ್ಲಿ ಕಟ್ಟಿದ ಶೇರ್ಜಾ ಬುರುಜಿನ ಮೇಲಿದೆ. ಇದನ್ನು ಎಳೆದು ತರಲು 400 ಎತ್ತು ಮತ್ತು 10 ಆನೆ ಬೇಕಾದವೆಂಬುದು ಸ್ಥಳೀಯ ಹೇಳಿಕೆ. ಹೊರಗಿನ ತಂತ್ರಜ್ಞಾನ, ಸ್ಥಳೀಯ ಎರಕ, ರಾಜ್ಯದಿಂದ ರಾಜ್ಯಕ್ಕೆ ಹಸ್ತಾಂತರ ಎಂಬ ಮೂರು ಬಗೆಯ ಸಂಗ್ರಹಣೆಗಳೂ ಒಂದೇ ತೋಪಿನ ಚರಿತ್ರೆಯಲ್ಲಿ ಕಾಣುತ್ತವೆ.

1565ರ ಜನವರಿಯಲ್ಲಿ ವಿಜಯನಗರದ ವಿರುದ್ಧ ನಡೆದ ತಾಳಿಕೋಟೆ ಕದನಕ್ಕೆ ಸುಲ್ತಾನರ ಸೇನೆಗಳು ಇಂದಿನ ಬಸವನ ಬಾಗೇವಾಡಿ–ಮುದ್ದೇಬಿಹಾಳ ಸೀಮೆಯ ಎರೆ ನೆಲವನ್ನು ದಾಟಿ ಕೃಷ್ಣಾ ತೀರಕ್ಕೆ ಬಂದವು. ಕದನಕ್ಕೆ ಹೆಸರು ಕೊಟ್ಟ ತಾಳಿಕೋಟೆ ಬಹುಕಾಲ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿತ್ತು. ಕದನದ ಇನ್ನೊಂದು ಹೆಸರಿಗೆ ಮೂಲವಾದ ರಕ್ಕಸಗಿ ಮತ್ತು ತಂಗಡಗಿ ಗ್ರಾಮಗಳು ಆ ತಾಲ್ಲೂಕಿನಲ್ಲಿವೆ. ಇತಿಹಾಸಕಾರ ಫಿರಿಶ್ತಾ ಹೇಳುವಂತೆ ಅಹ್ಮದ್‌ನಗರದ ತೋಪುಗಳನ್ನು ಮೂರು ಸಾಲಿನಲ್ಲಿ, ಸಾಲಿಗೆ 200ರಂತೆ ನಿಲ್ಲಿಸಲಾಗಿತ್ತು. ಭಾರೀ ತೋಪು ಮುಂದೆ, ನಡುಗಾತ್ರದವು ನಡುವೆ, ತಿರುಗಿಸಿ ಹೊಡೆಯುವ ಸಣ್ಣವು ಹಿಂದೆ. ತೋಪುಪಡೆಯ ಅಧಿಕಾರಿ ಚಲಬಿ ರೂಮಿ ಖಾನ್ ಕೊನೆಯ ಘಟ್ಟದಲ್ಲಿ ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿದನೆಂಬುದೂ ಫಿರಿಶ್ತಾನ ವರದಿ.

ಮೈಸೂರು: ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ಅರಮನೆಯ ದನಗಳ ಇಲಾಖೆಯನ್ನು ಹೈದರ್ ಅಲಿ ಸೇನಾ ಸಾಗಣೆಗೆ ಬಳಸಿಕೊಂಡನು. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತ್ ಮಹಲ್’ ಎಂದು ಹೆಸರಿಟ್ಟನು. ತೋಪು ಎಳೆಯುವ ಎತ್ತುಗಳಿಗಾಗಿ ತಳಿ ಸಂರಕ್ಷಣೆ, ಕಾವಲು ಭೂಮಿ ಮತ್ತು ಪ್ರತ್ಯೇಕ ಸಿಬ್ಬಂದಿಯಿದ್ದ ಈ ಇಲಾಖೆ, ಸಾಧನದ ಜೊತೆಗೆ ಅದರ ಪೋಷಣೆಯನ್ನೂ ಯೋಜಿಸಿದ್ದಕ್ಕೆ ಉದಾಹರಣೆ. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳು 1799ರ ನಂತರ ಇಂಗ್ಲೆಂಡಿಗೆ ಹೋಗಿ, ವಿಲಿಯಂ ಕಾಂಗ್ರೀವ್‌ನ ರಾಕೆಟ್‌ಗಳಿಗೆ ಪ್ರೇರಣೆಯಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಕೋಟೆಯ ಹಾಳುಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು.

ಆಧುನಿಕ ಕಾಲ: 1940ರ ಡಿಸೆಂಬರ್ 23ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಪಾಲುದಾರಿಕೆಯೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. 1964ರಲ್ಲಿ ಅದು ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಅಂದರೆ ಎಚ್‌ಎಎಲ್ ಆಯಿತು. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಇಲ್ಲಿ ರೂಪುಗೊಂಡ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ವಿಮಾನದ ಒಡಲು ಶಬ್ದವೇಗವನ್ನು ಮೀರುವ ಉದ್ದೇಶದ್ದು. ಆದರೆ ತಕ್ಕ ಶಕ್ತಿಯ ಎಂಜಿನ್ ದೊರೆಯದೆ ಆರ್ಫಿಯಸ್ 703 ಎಂಜಿನ್ನನ್ನೇ ಬಳಸಬೇಕಾಯಿತು, ಆ ವೇಗ ಕೈಗೂಡಲಿಲ್ಲ. ಒಟ್ಟು 147 ಮಾರುತ್‌ಗಳು ತಯಾರಾದವು.

1986ರ ಮಾರ್ಚ್‌ನಲ್ಲಿ ಸ್ವೀಡನ್ನಿನ ಬೋಫೋರ್ಸ್ ಕಂಪನಿಯೊಂದಿಗೆ 155 ಮಿ.ಮೀ. ಫಿರಂಗಿಗಳ ಒಪ್ಪಂದವಾಯಿತು. 1987ರಲ್ಲಿ ಸ್ವೀಡಿಷ್ ರೇಡಿಯೊ ಲಂಚದ ವರದಿ ಪ್ರಸಾರ ಮಾಡಿದ ಮೇಲೆ ಖರೀದಿ ವಿಧಾನವೇ ಸಾರ್ವಜನಿಕ ಚರ್ಚೆಯ ವಸ್ತುವಾಯಿತು. ಅದೇ ಫಿರಂಗಿಗಳು 1999ರ ಕಾರ್ಗಿಲ್ ಯುದ್ಧದಲ್ಲಿ ಪ್ರಮುಖ ಪಾತ್ರ ವಹಿಸಿದವು. ಒಪ್ಪಂದದ ಜೊತೆ ಬಂದಿದ್ದ ತಾಂತ್ರಿಕ ದಾಖಲೆಗಳು ಮುಂದೆ ಧನುಷ್ ಎಂಬ ದೇಶಿ ಫಿರಂಗಿಗೆ ಆಧಾರವಾದವು. ಕಾರ್ಗಿಲ್ ಯುದ್ಧದ ನಂತರದ ಪರಾಮರ್ಶೆಯ ಫಲವಾಗಿ 2001ರಲ್ಲಿ ರಕ್ಷಣಾ ಖರೀದಿ ಮಂಡಳಿ ರಚನೆಯಾಯಿತು. 2002ರಲ್ಲಿ ರಕ್ಷಣಾ ಖರೀದಿ ವಿಧಾನ ಜಾರಿಗೆ ಬಂದಿತು. ಹಲವು ಪರಿಷ್ಕರಣೆಗಳ ನಂತರ 2020ರ ಅಕ್ಟೋಬರ್ 1ರಿಂದ ‘ರಕ್ಷಣಾ ಸಂಗ್ರಹಣಾ ವಿಧಾನ 2020’ ಅದರ ಸ್ಥಾನ ಪಡೆಯಿತು.

ಆಡಳಿತ ರಚನೆ

ವ್ಯವಸ್ಥೆಯ ತುದಿಯಲ್ಲಿ ಪ್ರಧಾನಮಂತ್ರಿ ಅಧ್ಯಕ್ಷತೆಯ ಭದ್ರತಾ ವ್ಯವಹಾರಗಳ ಸಂಪುಟ ಸಮಿತಿಯಿದೆ. ಅತಿ ದೊಡ್ಡ ಮೊತ್ತದ ಒಪ್ಪಂದಗಳಿಗೆ ಅದರ ಒಪ್ಪಿಗೆ ಬೇಕು. ರಕ್ಷಣಾ ಸಚಿವರ ಅಧ್ಯಕ್ಷತೆಯ ರಕ್ಷಣಾ ಖರೀದಿ ಮಂಡಳಿ ಸಾಧನದ ಅಗತ್ಯವನ್ನು ಒಪ್ಪಿ, ಅದನ್ನು ಯಾವ ವರ್ಗದಲ್ಲಿ ಕೊಳ್ಳಬೇಕೆಂದು ತೀರ್ಮಾನಿಸುತ್ತದೆ. ರಕ್ಷಣಾ ಕಾರ್ಯದರ್ಶಿ ಅಧ್ಯಕ್ಷತೆಯ ರಕ್ಷಣಾ ಖರೀದಿ ಬೋರ್ಡ್, ಮಹಾನಿರ್ದೇಶಕರ ಕೈಕೆಳಗಿನ ಸಂಗ್ರಹಣಾ ವಿಭಾಗ ಮತ್ತು ಹಣಕಾಸು ಸಲಹೆಗಾರರು ನಿತ್ಯದ ಕೆಲಸ ನಡೆಸುತ್ತಾರೆ. ಮೂರೂ ಸೇನೆಗಳ ಅಗತ್ಯಗಳನ್ನು ಸಂಯುಕ್ತ ರಕ್ಷಣಾ ಸಿಬ್ಬಂದಿ ಕೇಂದ್ರ ಹೊಂದಿಸುತ್ತದೆ. 2020ರ ಜನವರಿಯಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆ ಆರಂಭವಾದ ಮೇಲೆ ಸೇನೆಗಳ ನಡುವಣ ಆದ್ಯತೆ ನಿರ್ಧಾರದಲ್ಲಿ ಆ ಹುದ್ದೆಯ ಪಾತ್ರ ಹೆಚ್ಚಾಗಿದೆ.

ಯೋಜನೆ

ಯೋಜನೆ ಮೂರು ಕಾಲಮಾನಗಳಲ್ಲಿ ನಡೆಯುತ್ತದೆ. ಸಂಯುಕ್ತ ಸಾಮರ್ಥ್ಯ ಅಭಿವೃದ್ಧಿ ಯೋಜನೆ 10 ವರ್ಷಗಳದು. ಎಂಥ ಬೆದರಿಕೆಗೆ ಎಂಥ ಸಾಮರ್ಥ್ಯ ಬೇಕು ಎಂಬುದನ್ನು ಅದು ಹೇಳುತ್ತದೆ. ರಕ್ಷಣಾ ಬಂಡವಾಳ ಸಂಗ್ರಹಣಾ ಯೋಜನೆ 5 ವರ್ಷಗಳದು. ಸಾಮರ್ಥ್ಯವನ್ನು ಸಾಧನಗಳ ಪಟ್ಟಿಯಾಗಿ ಬಿಡಿಸುತ್ತದೆ. ವಾರ್ಷಿಕ ಸಂಗ್ರಹಣಾ ಯೋಜನೆ ಅವುಗಳಲ್ಲಿ ತಕ್ಷಣ ಕೈಗೆತ್ತಿಕೊಳ್ಳಬೇಕಾದವನ್ನು ಆರಿಸಿ ಬಜೆಟ್ಟಿಗೆ ಜೋಡಿಸುತ್ತದೆ. ಸಂಸತ್ತು ಹಣ ಮಂಜೂರು ಮಾಡುವುದು ವರ್ಷದಿಂದ ವರ್ಷಕ್ಕೆ, ಕಾರ್ಯಕ್ರಮ ಸಾಗುವುದು ದಶಕಗಳವರೆಗೆ. ಹಿಂದಿನ ಒಪ್ಪಂದಗಳ ಕಂತುಗಳೇ ವರ್ಷದ ಬಂಡವಾಳದ ದೊಡ್ಡ ಪಾಲನ್ನು ಹಿಡಿಯಬಲ್ಲವು. ಆದ್ದರಿಂದ ಬದ್ಧ ಹೊಣೆ ಮತ್ತು ಹೊಸ ಖರೀದಿಗಳಿಗೆ ಪ್ರತ್ಯೇಕ ಲೆಕ್ಕವಿಡಲಾಗುತ್ತದೆ.

ಖರೀದಿಯ ಹಂತಗಳು

1. ಮಾಹಿತಿ ಕೋರಿಕೆ: ಮಾರುಕಟ್ಟೆಯಲ್ಲಿ ಏನು ಲಭ್ಯವಿದೆ, ಯಾರು ಮಾಡಬಲ್ಲರು ಎಂದು ತಯಾರಕರಿಂದ ತಿಳಿದುಕೊಳ್ಳುವುದು.

2. ಗುಣಮಟ್ಟದ ಅಗತ್ಯಪಟ್ಟಿ: ಸಾಧನ ಎಷ್ಟು ದೂರ ಹೊಡೆಯಬೇಕು, ಎಷ್ಟು ಎತ್ತರದಲ್ಲಿ ಕೆಲಸ ಮಾಡಬೇಕು, ಎಷ್ಟು ತೂಕವಿರಬಹುದು ಎಂಬುದನ್ನು ಸಂಬಂಧಿಸಿದ ಸೇನೆ ಬರೆದಿಡುವುದು. ಅಸ್ತಿತ್ವದಲ್ಲೇ ಇಲ್ಲದ ಗುಣಗಳನ್ನು ಕೇಳಿದರೆ ಒಬ್ಬರೂ ಬಿಡ್ ಹಾಕುವುದಿಲ್ಲ. ಒಂದೇ ಕಂಪನಿಯ ಸಾಧನಕ್ಕೆ ಒಪ್ಪುವಂತೆ ಬರೆದರೆ ಸ್ಪರ್ಧೆ ಉಳಿಯುವುದಿಲ್ಲ.

3. ಅಗತ್ಯ ಸ್ವೀಕೃತಿ: ಸಾಧನ ಬೇಕು ಎಂಬುದಕ್ಕೆ, ಅದರ ಸಂಖ್ಯೆಗೆ ಮತ್ತು ಖರೀದಿಯ ವರ್ಗಕ್ಕೆ ಸಿಗುವ ಅಧಿಕೃತ ಒಪ್ಪಿಗೆ. ಇದು ಖರೀದಿಯ ಆದೇಶವಲ್ಲ.

4. ಪ್ರಸ್ತಾವ ಕೋರಿಕೆ: ತಯಾರಕರಿಂದ ತಾಂತ್ರಿಕ ಬಿಡ್ ಮತ್ತು ಬೆಲೆ ಬಿಡ್‌ಗಳನ್ನು ಬೇರೆ ಬೇರೆ ಲಕೋಟೆಯಲ್ಲಿ ಆಹ್ವಾನಿಸುವುದು.

5. ತಾಂತ್ರಿಕ ಪರಿಶೀಲನೆ ಮತ್ತು ಕ್ಷೇತ್ರ ಪರೀಕ್ಷೆ: ಸಾಧನವನ್ನು ಮರುಭೂಮಿ, ಬಯಲು, ಹಿಮಪ್ರದೇಶಗಳಲ್ಲಿ ಬಳಸಿ ನೋಡುವುದು. 126 ಯುದ್ಧವಿಮಾನಗಳ ಖರೀದಿಗೆ 2007ರಲ್ಲಿ ಹೊರಟ ಪ್ರಸ್ತಾವದಲ್ಲಿ ಸ್ಪರ್ಧಿ ವಿಮಾನಗಳನ್ನು ಬೆಂಗಳೂರು, ಜೈಸಲ್ಮೇರ್ ಮತ್ತು ಲೇಹ್‌ಗಳಲ್ಲಿ ಪರೀಕ್ಷಿಸಲಾಯಿತು.

6. ಬೆಲೆ ಮಾತುಕತೆ: ತಾಂತ್ರಿಕವಾಗಿ ತೇರ್ಗಡೆಯಾದವರ ಬೆಲೆ ಲಕೋಟೆಗಳನ್ನಷ್ಟೇ ತೆರೆದು, ಅತಿ ಕಡಿಮೆ ಬೆಲೆಯವರೊಂದಿಗೆ ಮಾತನಾಡುವುದು. ಇಲ್ಲಿ ಬೆಲೆ ಎಂದರೆ ಸಾಧನದ ದರವೊಂದೇ ಆಗಬೇಕಿಲ್ಲ. ಬಿಡಿಭಾಗ, ಇಂಧನ, ದುರಸ್ತಿ ಸೇರಿದ ಜೀವಿತಾವಧಿ ವೆಚ್ಚವನ್ನೂ ಎಣಿಸಬಹುದು.

7. ಸಕ್ಷಮ ಪ್ರಾಧಿಕಾರದ ಅನುಮೋದನೆ, ಒಪ್ಪಂದ ಮತ್ತು ಒಪ್ಪಂದೋತ್ತರ ನಿರ್ವಹಣೆ.

ಒಂದು ಹಂತ ದಾಟಿದ ಮಾತ್ರಕ್ಕೆ ಮುಂದಿನದು ಖಚಿತವಲ್ಲ. ಮೇಲೆ ಹೇಳಿದ 126 ವಿಮಾನಗಳ ಖರೀದಿಯಲ್ಲಿ 2012ರ ಜನವರಿಯಲ್ಲಿ ರಫೇಲ್ ಆಯ್ಕೆಯಾಯಿತು. 108 ವಿಮಾನಗಳನ್ನು ಎಚ್‌ಎಎಲ್ ತಯಾರಿಸಬೇಕೆಂದಿತ್ತು. ಮಾತುಕತೆ ಕೊನೆಮುಟ್ಟದೆ 2015ರಲ್ಲಿ ಪ್ರಸ್ತಾವ ಹಿಂಪಡೆಯಲಾಯಿತು. ಬದಲಿಗೆ 36 ರಫೇಲ್‌ಗಳಿಗೆ 2016ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನೊಂದಿಗೆ ಸರ್ಕಾರದಿಂದ ಸರ್ಕಾರಕ್ಕೆ ಒಪ್ಪಂದವಾಯಿತು.

ಖರೀದಿಯ ವರ್ಗಗಳು

2020ರ ವಿಧಾನ ಖರೀದಿಗಳನ್ನು ಆದ್ಯತೆಯ ಕ್ರಮದಲ್ಲಿ ವಿಂಗಡಿಸುತ್ತದೆ. ಮೊದಲ ಆದ್ಯತೆ ಭಾರತದಲ್ಲೇ ವಿನ್ಯಾಸ, ಅಭಿವೃದ್ಧಿ ಮತ್ತು ತಯಾರಿಕೆಯಾದ ಸಾಧನಕ್ಕೆ. ಅದರ ಬೆಲೆಯಲ್ಲಿ ಕನಿಷ್ಠ 50% ದೇಶಿ ಅಂಶವಿರಬೇಕು. ಭಾರತೀಯ ಮಾರಾಟಗಾರರಿಂದ ಖರೀದಿ, ಖರೀದಿಯ ಜೊತೆ ಭಾರತೀಯ ಕಂಪನಿಯಿಂದ ತಯಾರಿಕೆ, ವಿದೇಶಿ ತಯಾರಕರಿಂದ ಕೊಂಡು ಭಾರತದಲ್ಲಿ ತಯಾರಿಕೆ ಎಂಬವು ನಂತರದವು. ಜಾಗತಿಕ ಖರೀದಿ ಕೊನೆಯ ಆದ್ಯತೆ. ಬಾಡಿಗೆಗೆ ಸಾಧನ ಪಡೆಯುವುದಕ್ಕೂ ಈ ವಿಧಾನದಲ್ಲಿ ಅವಕಾಶವಿದೆ. ಹೊಸದಾಗಿ ಅಭಿವೃದ್ಧಿಪಡಿಸುವ ಸಾಧನಗಳಿಗೆ ‘ಮೇಕ್’ ವರ್ಗಗಳಿವೆ: ಮೇಕ್-1ರಲ್ಲಿ ಮಾದರಿ ತಯಾರಿಕೆಯ ವೆಚ್ಚದ 70%ವರೆಗೆ ಸರ್ಕಾರ ಕೊಡುತ್ತದೆ, ಮೇಕ್-2ರಲ್ಲಿ ಉದ್ಯಮವೇ ಹಣ ಹೂಡುತ್ತದೆ.

ವಿದೇಶಿ ಕಂಪನಿ ಒಪ್ಪಂದ ಮೊತ್ತದ ಒಂದು ಪಾಲನ್ನು ಭಾರತದಲ್ಲಿ ಖರೀದಿ, ಹೂಡಿಕೆ ಅಥವಾ ತಂತ್ರಜ್ಞಾನದ ರೂಪದಲ್ಲಿ ಮರಳಿಸಬೇಕೆಂಬ ನಿಯಮಕ್ಕೆ ಆಫ್‌ಸೆಟ್ ಎಂದು ಹೆಸರು. 2005ರಲ್ಲಿ ಇದು 300 ಕೋಟಿ ರೂಪಾಯಿ ಮೀರಿದ ಒಪ್ಪಂದಗಳಿಗೆ 30% ಎಂದು ಆರಂಭವಾಯಿತು; 2016ರಲ್ಲಿ ಮಿತಿಯನ್ನು 2,000 ಕೋಟಿಗೆ ಏರಿಸಲಾಯಿತು; 2020ರ ವಿಧಾನ ಸರ್ಕಾರಗಳ ನಡುವಣ ಮತ್ತು ಏಕ ಮಾರಾಟಗಾರರ ಖರೀದಿಗಳನ್ನು ಇದರಿಂದ ಹೊರಗಿಟ್ಟಿತು.

ಕಾರ್ಯಕ್ರಮ ನಿರ್ವಹಣೆ

ಕಾರ್ಯಕ್ರಮದ ನಿರ್ವಹಣೆ ಎಂದರೆ ಕಾಲ, ವೆಚ್ಚ ಮತ್ತು ಗುಣಮಟ್ಟ ಮೂರನ್ನೂ ಒಟ್ಟಿಗೆ ಹಿಡಿತದಲ್ಲಿಡುವುದು. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲವಾಗುತ್ತದೆ. ಪರಸ್ಪರ ಅವಲಂಬಿತ ಕೆಲಸಗಳಲ್ಲಿ ಯಾವುದು ತಡವಾದರೆ ಇಡೀ ಕಾರ್ಯಕ್ರಮ ತಡವಾಗುತ್ತದೆ ಎಂದು ಲೆಕ್ಕಹಾಕುವ ಪರ್ಟ್ ಎಂಬ ವಿಧಾನವನ್ನು ಅಮೆರಿಕದ ನೌಕಾಪಡೆ 1950ರ ದಶಕದ ಕೊನೆಯಲ್ಲಿ ಪೊಲಾರಿಸ್ ಕ್ಷಿಪಣಿ ಕಾರ್ಯಕ್ರಮಕ್ಕಾಗಿ ರೂಪಿಸಿತು. ಇಂದು ಸೇತುವೆ, ಅಣೆಕಟ್ಟುಗಳ ನಿರ್ಮಾಣದಲ್ಲೂ ಅದು ಬಳಕೆಯಲ್ಲಿದೆ. ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎಂಬುದನ್ನು 1ರಿಂದ 9ರವರೆಗಿನ ಸಿದ್ಧತಾ ಮಟ್ಟಗಳಲ್ಲಿ ಅಳೆಯುವ ಕ್ರಮ ನಾಸಾದಿಂದ ಬಂದದ್ದು. ಮಟ್ಟ ಕೆಳಗಿದ್ದಾಗಲೇ ಉತ್ಪಾದನೆಯ ದಿನಾಂಕ ನಿಗದಿಪಡಿಸುವುದು ವಿಳಂಬದ ಸಾಮಾನ್ಯ ಕಾರಣ.

ಒಪ್ಪಂದದಲ್ಲಿ ಅಪಾಯ ಹಂಚಿಕೆಗೆ ಹಲವು ಉಪಾಯಗಳಿವೆ. ಮುಂಗಡಕ್ಕೆ ಬ್ಯಾಂಕ್ ಗ್ಯಾರಂಟಿ, ಕೆಲಸದ ಹಂತಕ್ಕೆ ತಕ್ಕ ಕಂತು, ತಡವಾದರೆ ದಂಡ, ಸಾಧನ ನಿಗದಿತ ಪ್ರಮಾಣದಲ್ಲಿ ಬಳಕೆಗೆ ಸಿದ್ಧವಿದ್ದರಷ್ಟೇ ಪೂರ್ಣ ಹಣ ಎಂಬ ಷರತ್ತುಗಳು ಅವುಗಳಲ್ಲಿ ಮುಖ್ಯ.

ಉದಾಹರಣೆ: ತೇಜಸ್

ಮಿಗ್-21ರ ಬದಲಿಗೆ ದೇಶಿ ಲಘು ಯುದ್ಧವಿಮಾನ ತಯಾರಿಸುವ ಕಾರ್ಯಕ್ರಮಕ್ಕೆ 1983ರಲ್ಲಿ ಮಂಜೂರಾತಿ ಸಿಕ್ಕಿತು. 1984ರಲ್ಲಿ ಬೆಂಗಳೂರಿನಲ್ಲಿ ವೈಮಾನಿಕ ಅಭಿವೃದ್ಧಿ ಸಂಸ್ಥೆ ಅಂದರೆ ಎಡಿಎ ಸ್ಥಾಪನೆಯಾಯಿತು. ವಾಯುಪಡೆಯ ಅಗತ್ಯಪಟ್ಟಿ 1985ರಲ್ಲಿ ಬಂದಿತು. ಮೊದಲ ಮಾದರಿ ಹಾರಿದ್ದು 2001ರ ಜನವರಿ 4ರಂದು. 2003ರಲ್ಲಿ ಅದಕ್ಕೆ ತೇಜಸ್ ಎಂದು ಹೆಸರಿಡಲಾಯಿತು. 2013ರ ಡಿಸೆಂಬರ್‌ನಲ್ಲಿ ಆರಂಭಿಕ ಕಾರ್ಯಾಚರಣಾ ಅನುಮತಿ, 2019ರ ಫೆಬ್ರುವರಿಯಲ್ಲಿ ಅಂತಿಮ ಅನುಮತಿ ದೊರೆಯಿತು. 2016ರ ಜುಲೈ 1ರಂದು ಎರಡು ವಿಮಾನಗಳೊಂದಿಗೆ 45ನೇ ಸ್ಕ್ವಾಡ್ರನ್ ಬೆಂಗಳೂರಿನಲ್ಲಿ ತೇಜಸ್ ಸೇವೆ ಆರಂಭಿಸಿತು.

ಈ ಕಾರ್ಯಕ್ರಮ ಮೂರು ಕೆಲಸಗಳನ್ನು ಏಕಕಾಲಕ್ಕೆ ಹೊತ್ತಿತ್ತು: ವಿಮಾನ, ಅದರ ಗಣಕ ನಿಯಂತ್ರಿತ ಹಾರಾಟ ವ್ಯವಸ್ಥೆ ಮತ್ತು ಕಾವೇರಿ ಎಂಬ ಎಂಜಿನ್. ಮೊದಲೆರಡು ಸಿದ್ಧಿಸಿದವು. 1989ರಲ್ಲಿ ಮಂಜೂರಾದ ಕಾವೇರಿಯನ್ನು 2008ರಲ್ಲಿ ತೇಜಸ್‌ನಿಂದ ಬೇರ್ಪಡಿಸಲಾಯಿತು; ವಿಮಾನ ಅಮೆರಿಕದ ಜಿಇ ಕಂಪನಿಯ ಎಫ್-404 ಎಂಜಿನ್ನಿನಲ್ಲಿ ಹಾರುತ್ತದೆ.

2021ರ ಫೆಬ್ರುವರಿ 3ರಂದು ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಸುಮಾರು 48,000 ಕೋಟಿ ರೂಪಾಯಿ ಒಪ್ಪಂದವಾಯಿತು. 2024ರಲ್ಲಿ ಹಸ್ತಾಂತರ ಆರಂಭವಾಗಬೇಕಿತ್ತು. ಆ ವರ್ಷದ ಮಾರ್ಚ್ 28ರಂದು ಮೊದಲ ವಿಮಾನ ಬೆಂಗಳೂರಿನಲ್ಲಿ ಹಾರಿತು. ಆದರೆ 99 ಎಂಜಿನ್‌ಗಳ ಬೇಡಿಕೆಯ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಮಾರುತ್ ವಿಮಾನಕ್ಕೆ ಎದುರಾಗಿದ್ದ ಎಂಜಿನ್ ಅವಲಂಬನೆ ಆರು ದಶಕಗಳ ನಂತರ ಇಲ್ಲಿ ಪೂರೈಕೆ ವಿಳಂಬದ ರೂಪದಲ್ಲಿ ಕಾಣಿಸಿಕೊಂಡಿತು.

ತಯಾರಿಕೆಯನ್ನು ಚುರುಕುಗೊಳಿಸಲು ಭಾಗಗಳನ್ನು ಖಾಸಗಿ ಕಂಪನಿಗಳಿಗೆ ಹಂಚಲಾಗಿದೆ. ರೆಕ್ಕೆ ಕೊಯಮತ್ತೂರಿನಿಂದ, ನಡು ಒಡಲು ಹೈದರಾಬಾದಿನಿಂದ, ಮುಂದಿನ ಮತ್ತು ಹಿಂದಿನ ಒಡಲು ಬೆಂಗಳೂರಿನ ಕಂಪನಿಗಳಿಂದ ಬರುತ್ತವೆ. ಬೆಂಗಳೂರಿನ ಜೋಡಣಾ ಘಟಕಗಳ ಜೊತೆಗೆ ನಾಸಿಕ್‌ನಲ್ಲೂ ಒಂದು ಘಟಕವಿದೆ.

ಲೆಕ್ಕಪರಿಶೋಧನೆ ಮತ್ತು ಹೊಣೆಗಾರಿಕೆ

ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ಅಂದರೆ ಸಿಎಜಿ, ಖರೀದಿಗಳನ್ನು ಪರಿಶೀಲಿಸಿ ಸಂಸತ್ತಿಗೆ ವರದಿ ಕೊಡುತ್ತಾರೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಮತ್ತು ರಕ್ಷಣಾ ಸ್ಥಾಯಿ ಸಮಿತಿ ಅವನ್ನು ಮುಂದೆ ಚರ್ಚಿಸುತ್ತವೆ. 2015ರ ವರದಿ ತೇಜಸ್ ಮಾರ್ಕ್-1ರಲ್ಲಿ 53 ಕೊರತೆಗಳಿಗೆ ಶಾಶ್ವತ ವಿನಾಯಿತಿ ಅಥವಾ ತಾತ್ಕಾಲಿಕ ರಿಯಾಯಿತಿ ನೀಡಿದ್ದನ್ನು ದಾಖಲಿಸಿತು. ನಂತರದ ಮಾರ್ಕ್-1ಎ ಮಾದರಿಯಲ್ಲಿ ರಡಾರ್, ವಿದ್ಯುನ್ಮಾನ ಸಮರ ಸಾಧನ ಮತ್ತು ನಿರ್ವಹಣಾ ಸೌಲಭ್ಯಗಳನ್ನು ಸುಧಾರಿಸಲಾಗಿದೆ. ದೊಡ್ಡ ಒಪ್ಪಂದಗಳಲ್ಲಿ ಲಂಚ ಮತ್ತು ಮಧ್ಯವರ್ತಿ ನಿಷೇಧದ ಪ್ರಾಮಾಣಿಕತಾ ಕರಾರಿಗೆ ಎರಡೂ ಕಡೆಯವರು ಸಹಿ ಹಾಕಬೇಕು.

ಕರ್ನಾಟಕದ ಸಂಸ್ಥೆಗಳು

ಸಂಗ್ರಹಣೆಯ ಸರಣಿಯ ಬಹುತೇಕ ಕೊಂಡಿಗಳು ಕರ್ನಾಟಕದಲ್ಲಿವೆ. ವಿನ್ಯಾಸಕ್ಕೆ ಎಡಿಎ ಮತ್ತು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಅಂದರೆ ಡಿಆರ್‌ಡಿಒದ ಪ್ರಯೋಗಾಲಯಗಳು. ತಯಾರಿಕೆಗೆ ಎಚ್‌ಎಎಲ್, 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು 1964ರಲ್ಲಿ ಆರಂಭವಾದ ಬಿಇಎಂಎಲ್. ಹಾರಾಟ ಯೋಗ್ಯತೆಯ ಪ್ರಮಾಣೀಕರಣಕ್ಕೆ ಸೆಮಿಲ್ಯಾಕ್. ಪರೀಕ್ಷೆಗೆ ವಾಯುಪಡೆಯ ವಿಮಾನ ಮತ್ತು ವ್ಯವಸ್ಥೆಗಳ ಪರೀಕ್ಷಾ ಕೇಂದ್ರ ಬೆಂಗಳೂರಿನಲ್ಲಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. 2025ರ ಮಾರ್ಚ್‌ನಲ್ಲಿ ಒಪ್ಪಂದವಾದ 156 ಪ್ರಚಂಡ್ ಹೆಲಿಕಾಪ್ಟರ್‌ಗಳು ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಾಗಬೇಕಿವೆ.

ಪ್ರಸ್ತುತ ಸ್ಥಿತಿ

2025–26ರ ಕೇಂದ್ರ ಬಜೆಟ್ ರಕ್ಷಣೆಗೆ ಸುಮಾರು 6.81 ಲಕ್ಷ ಕೋಟಿ ರೂಪಾಯಿ ನೀಡಿತು. ಅದರಲ್ಲಿ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ. ಹೊಸ ಸಾಧನಗಳ ಖರೀದಿ ಹಣದ ಮುಕ್ಕಾಲು ಪಾಲು ದೇಶಿ ತಯಾರಕರಿಗೆ ಮೀಸಲಾಗಿತ್ತು. 2020ರ ಆಗಸ್ಟ್‌ನಿಂದ ಹಂತಹಂತವಾಗಿ ಪ್ರಕಟವಾದ ದೇಶೀಕರಣ ಪಟ್ಟಿಗಳು ನಿಗದಿತ ದಿನಾಂಕಗಳ ನಂತರ ಆಮದು ಮಾಡಿಕೊಳ್ಳಬಾರದ ಸಾಧನಗಳನ್ನು ಹೆಸರಿಸುತ್ತವೆ. ನವೋದ್ಯಮಗಳಿಗಾಗಿ 2018ರಲ್ಲಿ ಐಡೆಕ್ಸ್ ಯೋಜನೆ ಆರಂಭವಾಯಿತು. ರಾಜಸ್ವ ಖರೀದಿಗೆ ಹೊಸ ಕೈಪಿಡಿ 2025ರ ನವೆಂಬರ್ 1ರಿಂದ ಜಾರಿಗೆ ಬಂದಿದೆ.

2025ರ ಸೆಪ್ಟೆಂಬರ್ 25ರಂದು ಇನ್ನೂ 97 ತೇಜಸ್ ಮಾರ್ಕ್-1ಎ ವಿಮಾನಗಳಿಗೆ 62,370 ಕೋಟಿ ರೂಪಾಯಿ ಮೀರಿದ ಒಪ್ಪಂದಕ್ಕೆ ಸಹಿಯಾಯಿತು. ಹಸ್ತಾಂತರ 2027–28ರಿಂದ ಆರಂಭವಾಗಬೇಕು. ಅವುಗಳಿಗಾಗಿ 113 ಎಂಜಿನ್‌ಗಳ ಪ್ರತ್ಯೇಕ ಒಪ್ಪಂದವೂ ಅದೇ ವರ್ಷದ ನವೆಂಬರ್‌ನಲ್ಲಿ ಆಗಿದೆ. 97 ವಿಮಾನಗಳ ಒಪ್ಪಂದಕ್ಕೆ ಸಹಿಯಾದ ಮರುದಿನ, ಸೆಪ್ಟೆಂಬರ್ 26ರಂದು, ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಲಾಯಿತು. ಆ ವಿಮಾನದ ಜಾಗಕ್ಕೆ ಲಘು ಯುದ್ಧವಿಮಾನ ಬೇಕೆಂದು ಮಂಜೂರಾತಿ ಕೊಟ್ಟು ಅಂದಿಗೆ 42 ವರ್ಷಗಳಾಗಿದ್ದವು.